ಅಳಬೇಡ ಖಾಲ್ತೋ

ಅಕ್ಟೋಬರ್ 10, ಸೋಮವಾರ. ಇರ್ಬಿದ್ ನಗರದ ಸೈಬರ್ ಅಪರಾಧ ಠಾಣೆಯ ಬಾಗಿಲು ತೆಗೆದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಇನ್ಸ್‌ಪೆಕ್ಟರ್ ನಾಯೆಫ್ ಬತಾಯ್ನೆ ಎಳ್ಳು ಹಚ್ಚಿದ ರೊಟ್ಟಿಯನ್ನು ಮುರಿದು ಬಾಯಿಗಿಡುವಷ್ಟರಲ್ಲಿ ಇಬ್ಬರು ಹೆಂಗಸರು ಒಳಗೆ ಬಂದರು. ಒಬ್ಬಳು ಇಪ್ಪತ್ತಾರರ ಹುಡುಗಿ, ಹೆಸರು ರುದೈನಾ ಉಬೈದಾತ್. ಅವಳ ಕೈ ಹಿಡಿದುಕೊಂಡು ಬಂದವರು ಐವತ್ತು ದಾಟಿದ ಉಮೈಮಾ ಮೇಡಂ. ತಾಂತ್ರಿಕ ಕಾಲೇಜಿನಲ್ಲಿ ಪಾಠ ಹೇಳುವವರು. ಅವರನ್ನು ನಾಯೆಫ್‌ಗೆ ಯಾರೂ ಪರಿಚಯಿಸಬೇಕಾಗಿರಲಿಲ್ಲ. ಠಾಣೆಯವರಿಗೆ ಕಂಪ್ಯೂಟರಿನ ಜಾಡು ಸಿಗದೆ ಪರದಾಡಿದಾಗಲೆಲ್ಲ ಅವರನ್ನೇ ಕರೆಸಿ ಕೇಳುವ ರೂಢಿಯಿತ್ತು.

"ಹೇಳಮ್ಮ, ಏನಾಯ್ತು?"

"ನಮ್ಮಪ್ಪನ ಫೋನಿಗೆ ಯಾರೋ ನನ್ನ ಫೋಟೊ ಕಳಿಸಿದಾರೆ."

"ಎಂಥ ಫೋಟೊ?"

ರುದೈನಾ ಪಕ್ಕಕ್ಕೆ ತಿರುಗಿದಳು. "ಖಾಲ್ತೋ, ನೀವೇ ಹೇಳಿ."

ಖಾಲ್ತೋ ಅಂದರೆ ಚಿಕ್ಕಮ್ಮ. ಕಾಲೇಜಿನಲ್ಲಿ ಮೇಡಂ, ಹೊರಗೆ ಖಾಲ್ತೋ ಎಂಬುದು ಉಮೈಮಾ ತಮ್ಮ ಹುಡುಗಿಯರಿಗೆಲ್ಲ ಹಾಕಿಕೊಟ್ಟ ಕಟ್ಟಳೆ.

"ಕೆಟ್ಟ ಫೋಟೊ ಏನಲ್ಲ ಸಾರ್," ಎಂದರು ಉಮೈಮಾ. "ತಲೆ ಮೇಲೆ ವಸ್ತ್ರ ಇಲ್ಲ, ಕುಣೀತಿದಾಳೆ, ಅಷ್ಟೆ. ಕಂಪ್ಯೂಟರ್ ಕಾವಲಿನ ಸ್ಪರ್ಧೇಲಿ ಗೆದ್ದಿದ್ದಕ್ಕೆ ಹೋದ ಬುಧವಾರ ಸಂಜೆ ನಾನು ನಡೆಸೋ ಹುಡುಗೀರ ಬಳಗದವರೇ ಸೇರಿದ್ವಿ. ಬರೀ ಹೆಂಗಸರೇ ಇದ್ದ ಕೂಟ."

"ಹುಡುಗ ಯಾರು?"

"ಯಾವ ಹುಡುಗ?" ಎಂದಳು ರುದೈನಾ.

"ಇಂಥದ್ರಲ್ಲೆಲ್ಲ ಒಬ್ಬ ಹುಡುಗ ಇದ್ದೇ ಇರ್ತಾನಲ್ಲಮ್ಮ. ನಿಶ್ಚಿತಾರ್ಥ ಮುರಿದಿದ್ದು, ಹಿಂದೆ ಬಿದ್ದಿದ್ದು..."

"ಸಾರ್," ಎಂದಳು ಎಫ್‌ಐಆರ್ ಬರೆಯಲು ಕುಳಿತಿದ್ದ ಪೇದೆ ರಗದ್, "ಹುಡುಗನ್ನ ಆಮೇಲೆ ಹುಡುಕೋಣ. ಮೊದ್ಲು ಇವರು ಹೇಳಿ ಮುಗಿಸ್ಲಿ."

ರಗದ್ ಠಾಣೆಗೆ ಬಂದು ವರ್ಷ ತುಂಬಿರಲಿಲ್ಲ. ಮೇಲಧಿಕಾರಿಯ ಮಾತನ್ನು ಕತ್ತರಿಸುವುದರಲ್ಲಿ ಮಾತ್ರ ಅವಳಿಗೆ ಒಳ್ಳೆಯ ಅನುಭವವಿತ್ತು.

ರುದೈನಾ ಹೇಳಿದ್ದು ಇಷ್ಟು. ಅವಳು ಒಂದು ದೊಡ್ಡ ಬ್ಯಾಂಕಿನ ಕಾವಲು ಕೋಣೆಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಳು. ಬ್ಯಾಂಕಿನ ಕಂಪ್ಯೂಟರುಗಳಿಗೆ ಕನ್ನ ಹಾಕಲು ಬರುವವರನ್ನು ಹಗಲು ರಾತ್ರಿ ಪಾಳಿಯಲ್ಲಿ ಕಾಯುವ ಕೆಲಸ ಅದು. ಈಗ ರಾತ್ರಿ ಪಾಳಿಗೆ ಅವಳನ್ನೇ ಮುಖ್ಯಸ್ಥೆ ಮಾಡಲು ಬ್ಯಾಂಕು ಒಪ್ಪಿತ್ತು. ಆ ಕುರ್ಚಿಯಲ್ಲಿ ಹೆಣ್ಣು ಕೂರುವುದು ಇದೇ ಮೊದಲು. ಬರುವ ಭಾನುವಾರ ಸಹಿ ಹಾಕಬೇಕಿತ್ತು. ಅಷ್ಟರಲ್ಲಿ ಶುಕ್ರವಾರ ನಮಾಜು ಮುಗಿಸಿ ಬಂದ ಅವಳ ಅಪ್ಪನ ವಾಟ್ಸಾಪಿಗೆ ಫೋಟೊ ಬಂತು. ಕೆಳಗೆ ಒಂದು ಸಾಲು: "ನಿಮ್ಮ ಮಗಳ ರಾತ್ರಿ ಪಾಳಿ ಹೀಗಿರುತ್ತದೆ. ಇಂತಿ, ಮರ್ಯಾದೆ ಬಲ್ಲ ಒಬ್ಬ ಅಣ್ಣ." ಮಾರನೇ ದಿನ ಅದೇ ನಂಬರಿನಿಂದ ಅವಳಿಗೂ ಬಂತು. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿದರೆ ಫೋಟೊ ಇಡೀ ಉಬೈದಾತ್ ವಂಶದವರ ಗುಂಪಿಗೆ ಹೋಗುತ್ತದೆ ಎಂದು.

"ಅಪ್ಪ ಏನಂದ್ರು?"

"ಏನೂ ಅನ್ಲಿಲ್ಲ. ಕಾರಿನ ಕೀ ತಗೊಂಡ್ರು. ಭಾನುವಾರ ಎಲ್ಲಿಗೂ ಹೋಗೋದು ಬೇಡ ಅಂದ್ರು."

"ಬ್ಯಾಂಕಿನ ವಿಷಯ ಯಾರ್ಯಾರಿಗೆ ಗೊತ್ತು?"

"ಮನೇಲಿ. ಬ್ಯಾಂಕಲ್ಲಿ. ಮತ್ತೆ ನಮ್ಮ ಬಳಗದಲ್ಲಿ."

"ನನಗೆ ಅನ್ಸೋದು ಸಾರ್," ಎಂದರು ಉಮೈಮಾ, "ಸ್ಪರ್ಧೇಲಿ ಸೋತ ಹುಡುಗರ ಕೈವಾಡ ಇದು. ಲೈಥ್ ಅಂತ ಒಬ್ಬ ಇದಾನೆ, ಬಾಯಿ ಬಹಳ ಹೊಲಸು. ನಂಬರ್ ವಿದೇಶದ್ದು, ಸರ್ವರ್ ಇನ್ನೆಲ್ಲೋ. ಜಾಡು ಸಿಗೋದು ಕಷ್ಟ ಇದೆ. ಆದ್ರೂ ನನ್ನ ಕೈಲಾದ್ದು ಮಾಡ್ತೀನಿ."

ಎಫ್‌ಐಆರ್ ದಾಖಲಾಯಿತು. ಹೊರಡುವಾಗ ಉಮೈಮಾ ಹುಡುಗಿಯ ತಲೆವಸ್ತ್ರದ ಸುಕ್ಕು ಸರಿಪಡಿಸಿದರು. ತಾಯಿಯಿಲ್ಲದ ಹುಡುಗಿಗೆ ಇಂಥವರೊಬ್ಬರಿದ್ದರೆ ಸಾಕು ಎಂದುಕೊಂಡ ನಾಯೆಫ್. ಹಾಗಂದುಕೊಂಡಿದ್ದಕ್ಕೆ ಆಮೇಲೆ ತನ್ನನ್ನು ತಾನೇ ಬೈದುಕೊಂಡ.

ಮಧ್ಯಾಹ್ನ ಅವನು ಹುಡುಗಿಯ ಅಪ್ಪನನ್ನು ಹುಡುಕಿಕೊಂಡು ಊರಾಚೆ ಹೋದ. ಆಲಿವ್ ಕೀಳುವ ಕಾಲ. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾದ ಅಬು ಸನದ್ ಮರದ ಕೆಳಗೆ ಹಾಸಿದ ತಾಡಪಾಲಿನ ಮೇಲೆ ಕೂತು ಕಾಯಿಯಿಂದ ಎಲೆ ಆರಿಸುತ್ತಿದ್ದರು. ತಟ್ಟೆಯಲ್ಲಿದ್ದ ರೊಟ್ಟಿಗೆ ನೊಣ ಮುತ್ತಿತ್ತು, ಅವರು ಕೈ ಹಚ್ಚಿರಲಿಲ್ಲ.

"ಮಗಳ ಮೇಲೆ ಕೋಪಾನಾ ಅಬು ಸನದ್?"

"ಮಗಳ ಮೇಲೆ ಯಾಕಪ್ಪ ಕೋಪ? ಮದುವೆ ಮನೇಲಿ ಹೆಂಗಸ್ರು ಕುಣಿಯಲ್ವ? ಕುಣೀಲಿ. ಅವಳಮ್ಮಾನೂ ಕುಣಿಯೋಳು."

"ಮತ್ತೆ ಕೀ ಯಾಕೆ ಕಿತ್ಕೊಂಡ್ರಿ?"

ಮುದುಕರು ಕೈಯಲ್ಲಿದ್ದ ಎಲೆಯನ್ನು ಎಸೆದರು. "ಆ ಉಮೈಮಾ ಆರು ವರ್ಷದ ಹಿಂದೆ ನನ್ನ ಮನೇಲಿ ಕೂತು ನನ್ನ ಕಾಫಿ ಕುಡಿದ್ಲು. ನಿಮ್ಮ ಮಗಳ ಹೊಣೆ ನನ್ನ ಕತ್ತಿನ ಮೇಲಿರಲಿ ಅಂದ್ಲು. ನಮ್ಮ ಬಳಗದ ಕೋಣೇಲಿ ಗಂಡಸ್ರ ನೆರಳೂ ಬೀಳಲ್ಲ ಅಂದ್ಲು. ನಂಬ್ದೆ. ಈಗ ಹೇಳು, ಈ ಫೋಟೊ ಗೋಡೆ ತೆಗೀತಾ? ಒಳಗಿನೋರೇ ಹೀಗಾದ್ರೆ ರಾತ್ರಿ ಹೊತ್ತು ಆ ಬ್ಯಾಂಕಲ್ಲಿ ನನ್ನ ಮಗಳನ್ನ ಯಾರ ನಂಬಿಕೆ ಮೇಲೆ ಬಿಡ್ಲಿ?"

ನಾಯೆಫ್ ತಾಡಪಾಲಿನ ತುದಿಯಲ್ಲಿ ಕೂತ.

"ಭಾನುವಾರದೊಳಗೆ ಹಿಡಿದ್ರೆ ಕಳಿಸ್ತೀರಾ?"

"ಮೊದ್ಲು ಹಿಡಿ."

ಮಂಗಳವಾರ ಬೆಳಿಗ್ಗೆ ಲೈಥ್‌ನನ್ನು ಕರೆಸಿದರು. ಇಪ್ಪತ್ತಮೂರರ ಹುಡುಗ, ಕೂದಲಿಗೆ ತುಂಬ ಎಣ್ಣೆ. ಸೋತ ದಿನ ಅವನು ಫೇಸ್‌ಬುಕ್ಕಿನಲ್ಲಿ ಬರೆದಿದ್ದನ್ನು ರಗದ್ ಗಟ್ಟಿಯಾಗಿ ಓದಿದಳು. "'ಗೆದ್ದ ರಾಣಿಯರು ಇನ್ನು ಅಡಿಗೆಮನೆಗೆ ಹೋಗಿ ನಮಗೆ ಮನ್ಸಫ್ ಮಾಡಿ ಬಡಿಸಲಿ.' ಇದು ನಿಂದೇನಾ?"

"ತಮಾಷೆಗೆ ಮೇಡಂ."

"ನಗು ಬರ್ಲಿಲ್ಲ. ಬುಧವಾರ ಸಂಜೆ ಎಲ್ಲಿದ್ದೆ?"

"ಅಜ್ಲೂನ್‌ನಲ್ಲಿ. ನಮ್ಮ ದೊಡ್ಡಪ್ಪನ ಮಗನ ಮದುವೆ. ವಿಡಿಯೊ ಇದೆ, ಮುನ್ನೂರು ಜನ ನೋಡಿದಾರೆ."

"ಫೋಟೊ ಯಾರು ಕಳಿಸಿದ್ದು?"

"ಸಾರ್, ನಾನು ಸೋತೋನು. ಬಾಯಿಗೆ ಬಂದಿದ್ದು ಬರೆದು ಆಗ್ಲೇ ಕೆಟ್ಟೋನೂ ಆಗಿದೀನಿ. ಏನಾದ್ರೂ ಆದ್ರೆ ಮೊದ್ಲು ಹಿಡಿಯೋದು ನನ್ನೇ ಅಂತ ಗೊತ್ತಿದ್ದೂ ಫೋಟೊ ಕಳಿಸೋಕೆ ನಾನು ಅಷ್ಟು ದಡ್ಡನಾ?"

"ಬರೆದಿದ್ದು ನೋಡಿದ್ರೆ ಅನುಮಾನ ಬರುತ್ತೆ," ಎಂದಳು ರಗದ್.

ಮದುವೆಯ ವಿಡಿಯೊದಲ್ಲಿ ಲೈಥ್ ಸಂಜೆಯಿಡೀ ಕುಣಿತದ ಸಾಲಿನ ತುದಿಯಲ್ಲಿ ಕಾಲು ಕುಟ್ಟುತ್ತಿದ್ದ. ಅವನನ್ನು ಬಿಟ್ಟು ಕಳಿಸಿದರು. ಹೊರಟವನು ಬಾಗಿಲಲ್ಲಿ ನಿಂತು, "ರುದೈನಾ ಕೆಲಸ ಬಿಟ್ಬಿಡ್ತಾಳಾ ಸಾರ್?" ಎಂದು ಕೇಳಿದ. ಗೊತ್ತಿಲ್ಲ ಎಂದ ನಾಯೆಫ್. "ಬಿಡೋದು ಬೇಡ ಅನ್ನಿ. ಅವಳಿಲ್ದಿದ್ರೆ ಮುಂದಿನ ವರ್ಷ ಯಾರನ್ನ ಸೋಲಿಸಿ ಏನು ಸುಖ?"

ಅಷ್ಟು ಹೊತ್ತಿಗೆ ಉಮೈಮಾ ಫೋನ್ ಮಾಡಿದರು. ಹೇಳಲೋ ಬೇಡವೋ ಎಂದು ಬಹಳ ಯೋಚಿಸಿದರಂತೆ. ಬಳಗದ ಕೋಣೆಯಲ್ಲಿ ಚಹಾ ಕಾಸುವ ಉಮ್ ಶಾದಿಯ ಮಗನಿಗೆ ಕೆಲಸವಿಲ್ಲ, ಸಹವಾಸ ಸರಿಯಿಲ್ಲ. "ಬಡವರ ಮೇಲೆ ಹೇಳೋಕೆ ನಾಲಿಗೆ ಬರಲ್ಲ ಸಾರ್. ಆದ್ರೂ ನೀವೊಂದ್ಸಲ ನೋಡಿ."

ಕೋಣೆ ಇದ್ದದ್ದು ವಿಶ್ವವಿದ್ಯಾಲಯದ ರಸ್ತೆಯಲ್ಲಿ, ಔಷಧದ ಅಂಗಡಿಯ ಮೇಲೆ. ಬಾಗಿಲಿಗೆ 'ಕಾವಲುಗಾರ್ತಿಯರು' ಎಂಬ ಹಲಗೆ. ಉಮೈಮಾ ಕಟ್ಟಿದ ಬಳಗದ ಹೆಸರದು. ಕಂಪ್ಯೂಟರಿನ ಕಾವಲು ಗಂಡಸರ ಕೆಲಸ ಎಂದು ಇಡೀ ಊರು ಒಪ್ಪಿಕೊಂಡಿದ್ದಾಗ ಅವರು ಮನೆಮನೆಗೆ ಹೋಗಿ ಅಪ್ಪಂದಿರ ಎದುರು ಕೂತು, ಒಂದೊಂದು ಹುಡುಗಿಯನ್ನೂ ಕೇಳಿ ಪಡೆದು ತಂದಿದ್ದರು. ಇಂದು ಅಮ್ಮಾನಿನಲ್ಲಿ, ದುಬೈಯಲ್ಲಿ ದೊಡ್ಡ ಕೆಲಸದಲ್ಲಿರುವ ಎಷ್ಟೋ ಹೆಣ್ಣುಮಕ್ಕಳು ಈ ಕೋಣೆಯಲ್ಲೇ ಅಕ್ಷರ ತಿದ್ದಿದವರು. ಈ ಮಾತು ಸುಳ್ಳಲ್ಲ, ಆಮೇಲೆ ಏನೇ ಆಗಿರಲಿ.

ಇಬ್ಬರು ಅಂಗಡಿಯವರನ್ನು ಪಂಚರನ್ನಾಗಿ ಕರೆದು ಪಂಚನಾಮೆ ಶುರುವಾಯಿತು. ಫೋಟೊ ತೆಗೆದಿದ್ದು ಚಹಾ ಕಾಸುವ ಕಟ್ಟೆಯ ಕಡೆಯಿಂದ ಎಂಬುದು ಅದರಲ್ಲಿ ಕಾಣುವ ಕಿಟಕಿಯ ಲೆಕ್ಕದಲ್ಲೇ ತಿಳಿಯಿತು. ಕಟ್ಟೆಯ ಪಕ್ಕ ಒಂದು ಬೆತ್ತದ ಬುಟ್ಟಿಯಿತ್ತು.

"ಇದೇನಮ್ಮ?" ಎಂದು ಉಮ್ ಶಾದಿಯನ್ನು ಕೇಳಿದ ನಾಯೆಫ್.

"ಫೋನಿನ ಬುಟ್ಟಿ ಸಾರ್. ಮದುವೆ ಮನೇಲಿ ಮಾಡಲ್ವ, ಹಂಗೇ. ಬಾಗ್ಲಲ್ಲೇ ಫೋನ್ ಇಸ್ಕೊಂಡು, ಕ್ಯಾಮೆರಾ ಕಣ್ಣಿಗೆ ಕೆಂಪು ಸ್ಟಿಕ್ಕರ್ ಹಚ್ಚಿ ಇದ್ರೊಳಗೆ ಹಾಕೋದು. ಹುಡುಗೀರು ತಲೆವಸ್ತ್ರ ತೆಗೆದು ಆರಾಮಾಗಿ ಇರ್ಲಿ ಅಂತ."

"ಬುಧವಾರ ಯಾರಾದ್ರೂ ಬುಟ್ಟಿಯಿಂದ ಫೋನ್ ತೆಗೆದ್ರಾ?"

"ಇಲ್ಲ. ನಾನು ಇಲ್ಲೇ ಸಕ್ಕರೆ ಕದಡ್ತಾ ನಿಂತಿದ್ದೆ."

"ನಿಮ್ಮ ಮಗ ಬಂದಿದ್ನಾ?"

ಅವಳ ಮುಖ ಕೆಂಪಾಯಿತು. "ಅವನ್ಯಾಕೆ ಬರ್ತಾನೆ? ಅವನು ತಿಂಗಳಿಂದ ಅಕಬಾ ಬಂದರಲ್ಲಿ ಮೂಟೆ ಹೊರ್ತಿದಾನೆ. ಅವನ ಹೆಸರು ಯಾರು ಹೇಳಿದ್ದು?"

ನಾಯೆಫ್ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳದವನಂತೆ, "ಎಲ್ಲರ ಫೋನೂ ಬುಟ್ಟೀಲಿತ್ತಾ?" ಎಂದ.

"ಎಲ್ಲಾ ಹುಡುಗೀರದ್ದೂ."

"ಮೇಡಮ್ಮಂದು?"

ಅವಳು ನಕ್ಕಳು. "ಮೇಡಮ್ಮಂದ್ಯಾಕೆ? ಸ್ಟಿಕ್ಕರ್ ಹಚ್ಚೋರೇ ಅವರಲ್ವ?"

ರಗದ್ ಅದನ್ನೂ ಬರೆದುಕೊಂಡಳು. ಓದು ಬರದ ಉಮ್ ಶಾದಿ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಒತ್ತಿದ ಮೇಲೂ, ನನ್ನ ಮಗನ ಹೆಸರು ಯಾರು ಹೇಳಿದ್ದು ಎಂದು ಕೇಳುತ್ತಲೇ ಇದ್ದಳು.

ಅದೇ ದಿನ ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ರುದೈನಾ ಒಬ್ಬಳೇ ಠಾಣೆಗೆ ಬಂದಳು. ಸಿಟಿ ಬಸ್ಸಿನಲ್ಲಿ ನಿಂತು ಬಂದಿದ್ದಳು.

"ಒಂದು ಮೆಸೇಜ್ ನಿನ್ನೆ ಕೊಡೋದು ಬಿಟ್ಟುಹೋಗಿತ್ತು."

"ಯಾಕೆ ಬಿಟ್ಟುಹೋಯ್ತು?"

"ಬೇರೆ ಕಡೆ ಇಟ್ಟಿದ್ದೆ. ಅವರು ಕಳಿಸಿ ಒಂದು ನಿಮಿಷದಲ್ಲಿ ಅಳಿಸಿಬಿಟ್ರು. ಅಷ್ಟರಲ್ಲಿ ನಾನು ಪರದೆಯ ಪ್ರತಿ ತೆಗೆದಿದ್ದೆ. ಬೆದರಿಕೆ ಬಂದ್ರೆ ಮೊದ್ಲು ಪ್ರತಿ ತೆಗೆ, ಆಮೇಲೆ ಅಳು ಅಂತ ನಮಗೆ ಹೇಳಿಕೊಟ್ಟಿದಾರೆ."

ಶನಿವಾರ ಸಂಜೆಯ ಮಾತುಕತೆ ಅದು. ರುದೈನಾ ಆ ಅಪರಿಚಿತ 'ಅಣ್ಣ'ನನ್ನು ಬೇಡಿಕೊಂಡಿದ್ದಳು. ಅಪ್ಪ ನಿನ್ನೆಯಿಂದ ಊಟ ಬಿಟ್ಟಿದ್ದಾರೆ, ನಾನು ಅಳುತ್ತಾ ಕೂತಿದ್ದೇನೆ, ನಿಮಗೆ ನಾನೇನು ಮಾಡಿದ್ದೆ ಎಂದು ಬರೆದಿದ್ದಳು. ಅದಕ್ಕೆ ಬಂದ ಉತ್ತರವನ್ನು ದಾಖಲೆಗೆ ಸೇರಿಸಬೇಕಾಗಿತ್ತು. ನಾಯೆಫ್ ಓದಿ ಹೇಳತೊಡಗಿದ, ರಗದ್ ಟೈಪ್ ಮಾಡತೊಡಗಿದಳು.

"'ಅಳಬೇಡ ಖಾಲ್ತೋ. ಆ ಕೆಲಸ ಬಿಟ್ಟುಬಿಡು. ಫೋಟೊ ಬೇರೆಲ್ಲೂ ಹೋಗಲ್ಲ.'"

ರಗದ್‌ಳ ಕೈ ನಿಂತಿತು. "ಸಾರ್, ಇದು ಆ ಅಣ್ಣ ಬರೆದಿದ್ದಾ, ಇಲ್ಲ ಮಧ್ಯ ನಿಮ್ಮ ಚಿಕ್ಕಮ್ಮ ಫೋನ್ ಮಾಡಿದ್ರಾ?"

ನಾಯೆಫ್ ಮತ್ತೆ ಓದಿದ. ಈ ಸಲ ತನಗೇ ಕೇಳಿಸುವಂತೆ ಓದಿದ.

ನಮ್ಮ ಕಡೆ ತಾಯಿ ತನ್ನ ಮಗುವನ್ನು ಮಾಮಾ ಎನ್ನುತ್ತಾಳೆ, ಅಪ್ಪ ತನ್ನ ಮಗಳನ್ನು ಬಾಬಾ ಎನ್ನುತ್ತಾನೆ. ತಾನು ಏನೋ ಅದೇ ಹೆಸರಿನಿಂದ ಮಗುವನ್ನು ಕರೆಯುವುದು ಹಿರಿಯರ ಮುದ್ದು. ಚಿಕ್ಕಪ್ಪನಾದವನು ಹುಡುಗಿಯನ್ನು ಅಮ್ಮೋ ಅನ್ನುತ್ತಾನೆ, ಚಿಕ್ಕಮ್ಮನಾದವಳು ಖಾಲ್ತೋ ಅನ್ನುತ್ತಾಳೆ. ಹುಡುಗಿಯೊಬ್ಬಳನ್ನು ಖಾಲ್ತೋ ಎಂದು ಸಮಾಧಾನ ಮಾಡುವ ಗಂಡಸು ಸಿರಿಯಾ ಗಡಿಯಿಂದ ಅಕಬಾದವರೆಗೆ ಒಬ್ಬನೂ ಸಿಗಲಾರ. ಬರೆದದ್ದು ಹೆಂಗಸು. ವಯಸ್ಸಾದವಳು. ಈ ಹುಡುಗಿಯನ್ನು ಎದೆಗೆ ಒರಗಿಸಿಕೊಂಡು ಅಭ್ಯಾಸವಿದ್ದವಳು.

"ರುದೈನಾ, ನಿನ್ನನ್ನ ಖಾಲ್ತೋ ಅನ್ನೋರು ಯಾರ್ಯಾರು?"

"ನಮ್ಮಮ್ಮನ ತಂಗಿ ಕುವೈತಲ್ಲಿದಾರೆ. ಅವರಿಗೆ ಬ್ಯಾಂಕಿನ ವಿಷಯ ಗೊತ್ತಿಲ್ಲ."

"ಉಮ್ ಶಾದಿ?"

"ಅವರಿಗೆ ಬರೆಯೋಕೆ ಬರಲ್ಲ."

"ಮತ್ತೆ?"

ಅವಳು ಬಾಗಿಲ ಕಡೆ ನೋಡಿದಳು. ರಗದ್ ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

"ನಿನಗೆ ಗೊತ್ತಿತ್ತು," ಎಂದ ನಾಯೆಫ್.

"ಶನಿವಾರಾನೇ ಗೊತ್ತಾಯ್ತು ಸಾರ್." ಅವಳು ಈಗ ಅಳುತ್ತಿದ್ದಳು. "ಓದ್ತಿದ್ದ ಹಾಗೇ ಅವರ ದನೀನೇ ಕೇಳಿಸ್ತು."

"ಮತ್ತೆ ಅವರನ್ನೇ ಕರ್ಕೊಂಡು ಠಾಣೆಗೆ ಬಂದೆಯಲ್ಲಮ್ಮ!"

"ಬರ್ತಾರೋ ಇಲ್ವೋ ನೋಡೋಣ ಅಂತ ಕರೆದೆ. ಏನಾದ್ರೂ ನೆವ ಹೇಳ್ತಾರೆ ಅನ್ಕೊಂಡೆ. ಬಂದೇಬಿಟ್ರು. ಬಸ್ಸಲ್ಲಿ ಪೂರ್ತಿ ನನ್ನ ಕೈ ಹಿಡ್ಕೊಂಡಿದ್ರು. ಆಗ ನಂಗೆ ನಾನೇ ಪಾಪಿ ಅನ್ನಿಸ್ತು. ಇಂಥವರ ಮೇಲೆ ಅನುಮಾನ ಪಟ್ನಲ್ಲಾ ಅಂತ. ಅದಕ್ಕೇ ಇದನ್ನ ಕೊಡ್ಲಿಲ್ಲ."

"ಇವತ್ತು ಯಾಕೆ ತಂದೆ?"

"ಮಧ್ಯಾಹ್ನ ಉಮ್ ಶಾದಿ ಅಳ್ತಾ ಫೋನ್ ಮಾಡಿದ್ರು. ಮಗನ ಮೇಲೆ ಯಾರೋ ಹೇಳಿದಾರಂತೆ ಅಂದ್ರು. ಅದು ಯಾರು ಅಂತಾನೂ ನಂಗೆ ಗೊತ್ತಾಯ್ತು."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಗೊಣಗಿಕೊಂಡಳು ರಗದ್. ಅವಳೂ ನಾಲ್ಕು ವಾರ ಆ ಕೋಣೆಯಲ್ಲಿ ಉಮೈಮಾರಿಂದ ಪಾಠ ಹೇಳಿಸಿಕೊಂಡಿದ್ದವಳೇ.

ಬುಧವಾರ ಪ್ರಾಸಿಕ್ಯೂಟರರಿಂದ ಶೋಧನೆಯ ಆದೇಶ ಸಿಕ್ಕಿತು. ಉಮೈಮಾ ಮನೆಯಲ್ಲೇ ಇದ್ದರು. ಬಾಗಿಲು ತೆರೆದು, ಆದೇಶವನ್ನು ಪೂರ್ತಿ ಓದಿ, ಏಲಕ್ಕಿ ಹಾಕಿದ ಕಾಫಿಗೆ ನೀರಿಟ್ಟರು. ಮೊಬೈಲನ್ನು ಕೇಳುವ ಮೊದಲೇ ಮೇಜಿನ ಮೇಲಿಟ್ಟರು.

"ಇದರಲ್ಲಿ ಹೋದ ವಾರದ್ದು ಏನೂ ಇಲ್ವಲ್ಲ ಮೇಡಂ."

"ಭಾನುವಾರ ಎಲ್ಲಾ ಅಳಿಸಿ ಹೊಸದಾಗಿ ಮಾಡಿದೆ. ನಿಧಾನ ಆಗಿತ್ತು."

"ದೂರು ಕೊಡೋಕೆ ಬರೋ ಹಿಂದಿನ ದಿನ?"

"ಕಾಕತಾಳೀಯ."

"ಕಾಲೇಜಿನ ಕಂಪ್ಯೂಟರ್?"

"ತಗೊಂಡು ಹೋಗಿ. ಸಹಿ ಮಾಡ್ಕೊಡ್ತೀನಿ."

ಏನೂ ಸಿಗುವುದಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ನಾಯೆಫ್‌ಗೂ ಹಾಗೇ ಅನ್ನಿಸಿತು. ಒಂದು ಪದವನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಹೋದರೆ ವಕೀಲರು ನಕ್ಕು ಕಳಿಸುತ್ತಾರೆ.

ಆಗ ಒಳಕೋಣೆಯಿಂದ ಮುದುಕಿಯೊಬ್ಬರ ದನಿ ಬಂತು. "ಯಾರೇ ಬಂದಿರೋದು? ಹುಡುಗೀರಾ?"

ರಗದ್ ಒಳಗೆ ಹೋದಳು. ಉಮೈಮಾರ ತಾಯಿ ಹಜ್ಜಾ ನಜ್ಮಿಯ್ಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕಾಲಿನ ಶಕ್ತಿ ಹೋಗಿ ವರ್ಷಗಳಾಗಿದ್ದವು. ಸಮವಸ್ತ್ರ ಕಂಡು ಅವರಿಗೆ ಇನ್ನೂ ಖುಷಿಯಾಯಿತು.

"ಬಾ ಮಗಳೇ, ಕೂತ್ಕೋ. ನೀನೂ ನಮ್ಮ ಉಮೈಮಾ ಹತ್ರ ಕಲಿತೋಳಾ? ನೋಡು, ಪೊಲೀಸ್ ಆಗಿದೀಯ! ಬಾ, ನಿಂಗೊಂದು ತೋರಿಸ್ತೀನಿ."

ದಿಂಬಿನ ಕೆಳಗಿಂದ ಟ್ಯಾಬ್ಲೆಟ್ ತೆಗೆದರು. ಮಗಳು ಮೊಬೈಲಿನಲ್ಲಿ ತೆಗೆದ ಚಿತ್ರಗಳೆಲ್ಲ ತಾವಾಗಿಯೇ ಇದಕ್ಕೂ ಬಂದು ಬೀಳುವಂತೆ ಮಾಡಿಕೊಟ್ಟವಳು ಮಗಳೇ. ಮನೆಯಿಂದ ಹೊರಗೆ ಹೋಗಲಾರದ ತಾಯಿ ನೋಡಿಕೊಂಡಿರಲಿ ಎಂದು. ಮೊಬೈಲನ್ನು ಖಾಲಿ ಮಾಡಿದವರಿಗೆ, ಊರಿಗೆಲ್ಲ ಬುದ್ಧಿ ಹೇಳುವವರಿಗೆ, ತಾಯಿಯ ದಿಂಬಿನ ಕೆಳಗಿನ ಈ ವಸ್ತು ನೆನಪಾಗಿರಲಿಲ್ಲ.

"ನೋಡು, ಈ ಕುಣೀತಿರೋಳು. ಎಷ್ಟು ಚೆಂದ ಇದಾಳೆ ನೋಡು! ದಿನಾ ಒಂದ್ಸಲ ನೋಡ್ತೀನಿ. ಇವಳೇ ನನ್ನ ಮಗಳಿಗೆ ಅಚ್ಚುಮೆಚ್ಚು. ಹೊಟ್ಟೇಲಿ ಹುಟ್ಟದಿದ್ರೇನು ಅಂತಾಳೆ."

ಅದೇ ಫೋಟೊ. ಅದೇ ಕಿಟಕಿ. ತೆಗೆದ ದಿನ ಅಕ್ಟೋಬರ್ 5, ಬುಧವಾರ ಎಂದು ಕೆಳಗೇ ನಮೂದಾಗಿತ್ತು.

ರಗದ್‌ಗೆ ಆ ಕೈಗಳಿಂದ ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯಲಿಲ್ಲ. "ಅಜ್ಜೀ, ಇದನ್ನ ಸ್ವಲ್ಪ ದಿನ ನಂಗೆ ಕೊಡ್ತೀರಾ?" ಎಂದಳು.

"ತಗೊಂಡು ಹೋಗು ತಾಯಿ. ನಿಮ್ಮ ಠಾಣೆ ಹುಡುಗೀರಿಗೂ ತೋರ್ಸು."

ಪಂಚರೆದುರು ಟ್ಯಾಬ್ಲೆಟ್ಟಿಗೆ ಮೊಹರು ಬಿತ್ತು. ಉಮೈಮಾ ಅದನ್ನು ನೋಡಿದರು. ಒಲೆಯ ಮೇಲಿನ ಕಾಫಿ ಉಕ್ಕಿ ಸುರಿಯಿತು. ಅವರು ಒಲೆ ಆರಿಸಿ, ಒರೆಸುವ ಬಟ್ಟೆ ಹುಡುಕಿ, ಕಟ್ಟೆಯನ್ನು ನಿಧಾನವಾಗಿ ಒರೆಸಿದರು. ನಂತರ ತಾಯಿಯ ಕೋಣೆಗೆ ಹೋಗಿ, ಕಾಲೇಜಿನ ಕೆಲಸ, ಬರುವುದು ತಡವಾಗಬಹುದು, ಪಕ್ಕದ ಮನೆಯವಳು ಊಟ ಕೊಡುತ್ತಾಳೆ ಎಂದು ಹೇಳಿ ಬಂದರು. ಕೈಕೋಳ ಹಾಕುವುದು ಬೇಡ ಎಂದ ನಾಯೆಫ್. ಬಂಧನವನ್ನು ಹನ್ನೊಂದು ಗಂಟೆಗೆ ದಾಖಲಿಸಲಾಯಿತು.

ವಿಚಾರಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ.

"ಫೋಟೊ ಯಾಕೆ ತೆಗೆದ್ರಿ?"

"ಅಮ್ಮನಿಗೆ ತೋರಿಸೋಕೆ. ಅಷ್ಟೇ ಇದ್ದಿದ್ದು ಮನಸ್ಸಲ್ಲಿ. ಅವಳು ಗೆದ್ದಿದ್ದು ನಂಗೂ ಖುಷಿಯಾಗಿತ್ತು ಸಾರ್."

"ಮತ್ತೆ?"

"ನೀವು ಆ ಬ್ಯಾಂಕಿನವರನ್ನ ಕೇಳಿ. ಮೂರು ಸಲ ಅರ್ಜಿ ಹಾಕಿದ್ದೆ, ಇದೇ ಕುರ್ಚಿಗೆ. ಕೊನೇ ಸಲ ಮ್ಯಾನೇಜರ್ ನಕ್ಕುಬಿಟ್ಟ. ರಾತ್ರಿ ಪಾಳಿ ಮೇಡಂ, ಹೆಂಗಸರ ಕೈಲಾಗಲ್ಲ ಅಂದ. ಸರಿ, ಆಗೋ ಹಾಗೆ ಮಾಡ್ತೀನಿ ಅಂತ ಈ ಬಳಗ ಕಟ್ಟಿದೆ." ಅವರು ನೀರು ಕುಡಿದರು. "ಆಗಸ್ಟಲ್ಲಿ ಅವರೇ ಫೋನ್ ಮಾಡಿದ್ರು. ಮೇಡಂ, ಈಗ ಕಾಲ ಬದಲಾಗಿದೆ, ಆ ಜಾಗಕ್ಕೆ ನಮಗೆ ಹೆಂಗಸೇ ಬೇಕು, ನಿಮ್ಮ ಜೊತೆ ಮಾತಾಡ್ಬೇಕು, ಬನ್ನಿ ಅಂದ್ರು. ನನ್ನನ್ನೇ ಕರೀತಿದಾರೆ ಅನ್ಕೊಂಡೆ. ಹೊಸ ಕೋಟು ಹೊಲಿಸ್ದೆ. ಅಮ್ಮನಿಗೂ ಹೇಳಿದ್ದೆ. ಹೋಗಿ ಕೂತ್ರೆ, ರುದೈನಾ ಹೇಗೆ, ಅವಳ ಮನೆಯವರು ರಾತ್ರಿ ಹೊತ್ತು ಕಳಿಸ್ತಾರಾ ಅಂತ ವಿಚಾರಿಸಿದ್ರು."

"ನೀವೇನಂದ್ರಿ?"

"ಅವಳಂಥೋಳು ಇನ್ನೊಬ್ಬಳಿಲ್ಲ ಅಂದೆ. ನಿಜಾನೇ ಹೇಳಿದೆ."

ರಗದ್ ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು.

"ಶುಕ್ರವಾರ ಮಧ್ಯಾಹ್ನ ಅಮ್ಮ ಆ ಫೋಟೊ ನೋಡ್ತಾ ಕೂತಿದ್ರು. ಇವಳ ಮುಖದಲ್ಲಿ ಗೆದ್ದೋಳ ಕಳೆ ಇದೆ ಕಣೇ ಉಮೈಮಾ, ನಿಂಗೆ ಅದು ಯಾವತ್ತೂ ಬರ್ಲಿಲ್ಲ ನೋಡು ಅಂದ್ರು. ಅಮ್ಮ ಬೇಕಂತ ಅಂದಿದ್ದಲ್ಲ. ವಯಸ್ಸಾಗಿದೆ, ಬಾಯಿಗೆ ಬಂದಿದ್ದು ಅಂತಾರೆ." ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದರು. "ನಾನು ಅಡಿಗೆಮನೆಗೆ ಹೋಗಿ, ನಿಂತ್ಕೊಂಡೇ ಕಳಿಸಿಬಿಟ್ಟೆ."

"ಆ ಉಮ್ ಶಾದಿ ಮಗನ ಹೆಸರು ಯಾಕೆ ಹೇಳಿದ್ರಿ?"

ಇದಕ್ಕೆ ಮಾತ್ರ ಅವರು ತಲೆ ತಗ್ಗಿಸಿದರು.

"ಶನಿವಾರ ಸಂಜೆ ಒಂದು ಸಾಲು ಬರೆದು ಅಳಿಸಿದ್ರಿ."

"ಅವಳು ಅಳ್ತಿದೀನಿ ಅಂತ ಬರೆದ್ಲು. ಕೈ ತಾನೇ ಬರೀತು. ಕಳಿಸಿದ ಮೇಲೆ ನೋಡ್ಕೊಂಡೆ."

"ಅಷ್ಟರಲ್ಲಿ ಅವಳು ಪ್ರತಿ ತೆಗೆದಿದ್ಲು."

"ತೆಗೆದಿರ್ಬೇಕು," ಎಂದರು ಉಮೈಮಾ. "ನಾನೇ ಕಲಿಸಿದ್ದು."

ಸುದ್ದಿ ಊರಿಗೆ ಹರಡಲು ಗುರುವಾರದ ಬೆಳಗಾಗುವುದೂ ಬೇಕಾಗಲಿಲ್ಲ. ಬಳಗದ ಕೋಣೆಗೆ ಬರುತ್ತಿದ್ದ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನರ ಮನೆಯವರು, ಇನ್ನು ಸಾಕು ಎಂದುಬಿಟ್ಟರು. ಉಮ್ ಶಾದಿ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಔಷಧದ ಅಂಗಡಿಯವನಿಗೆ ಕೊಟ್ಟು ಹೋದಳು. ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ ತೆರೆಸಿದ ಹೆಂಗಸು, ತನಗಾಗಿ ತೆರೆಯದ ಒಂದು ಬಾಗಿಲಿನ ಸಂಕಟಕ್ಕೆ ಅವೆಲ್ಲವನ್ನೂ ಮತ್ತೆ ಮುಚ್ಚಿಸಿಬಿಟ್ಟಳು. ಇದಕ್ಕೆ ಯಾವ ಕಲಮಿನಲ್ಲಿ ಶಿಕ್ಷೆಯಿದೆಯೋ ನಾಯೆಫ್‌ಗೆ ಗೊತ್ತಿರಲಿಲ್ಲ. ಆರೋಪಪಟ್ಟಿಯಲ್ಲಿ ಬೆದರಿಕೆ ಮತ್ತು ಖಾಸಗಿತನದ ಉಲ್ಲಂಘನೆ ಎಂದು ಎರಡೇ ಬರೆದ.

ಭಾನುವಾರ ಅಬು ಸನದ್ ತಾವೇ ಕಾರು ಓಡಿಸಿಕೊಂಡು ಮಗಳನ್ನು ಬ್ಯಾಂಕಿಗೆ ಕರೆದುಕೊಂಡು ಹೋದರು. ಸಹಿ ಆಯಿತು. ಮಾರನೇ ದಿನ ಸಂಜೆ, ಮೊದಲ ಪಾಳಿಗೆ ಹೋಗುವ ದಾರಿಯಲ್ಲಿ, ರುದೈನಾ ಹೇಳಿಕೆಗೆ ಸಹಿ ಹಾಕಲು ಠಾಣೆಗೆ ಬಂದಳು.

"ಅವರ ಕಡೆಯವರು ಬಂದಿದ್ರು," ಎಂದ ನಾಯೆಫ್. "ನೀನು ದೂರು ಬಿಟ್ಟುಕೊಟ್ರೆ ಶಿಕ್ಷೆ ಕಮ್ಮಿ ಆಗುತ್ತೆ ಅಂತ ಕೇಳ್ತಿದಾರೆ. ಬಿಡ್ತೀಯಾ?"

"ಇಲ್ಲ."

"ಯೋಚನೆ ಮಾಡಿ ಹೇಳು."

"ಯೋಚನೆ ಮಾಡೇ ಹೇಳ್ತಿದೀನಿ ಸಾರ್. ಬಿಡಲ್ಲ." ಪೆನ್ನು ತೆಗೆದುಕೊಂಡವಳು ಬರೆಯದೆ ಹಾಗೇ ಕೂತಳು. "ಅವರಮ್ಮನಿಗೆ ಯಾರಾದ್ರೂ ಹೇಳಿದಾರಾ?"

"ಕಾಲೇಜಿನ ಕೆಲಸದ ಮೇಲೆ ಅಮ್ಮಾನಿಗೆ ಹೋಗಿದಾರೆ ಅಂತ ಪಕ್ಕದ ಮನೆಯೋರು ಹೇಳಿದಾರೆ," ಎಂದಳು ರಗದ್. "ನಾನು ದಿನಾ ಒಂದ್ಸಲ ಹೋಗಿ ಬರ್ತೀನಿ."

ರುದೈನಾ ಸಹಿ ಹಾಕಿದಳು. "ರಾತ್ರಿ ಪಾಳೀಲಿ ಏನಾದ್ರೂ ಗೊತ್ತಾಗ್ದಿದ್ರೆ ಅವರಿಗೇ ಫೋನ್ ಮಾಡ್ತಿದ್ದೆ ಸಾರ್. ಎಷ್ಟೊತ್ತಾಗಿದ್ರೂ ಎತ್ತೋರು. ನಂಗೆ ಬಾಯಿಪಾಠ ಇರೋದು ಅದೊಂದೇ ನಂಬರ್."

"ಈಗ ಯಾರಿಗೆ ಮಾಡ್ತೀಯ?"

ಗೊತ್ತಿಲ್ಲ ಎಂಬಂತೆ ತಲೆಯಾಡಿಸಿದಳು. ಪೆನ್ನನ್ನು ವಾಪಸ್ ಕೊಟ್ಟಳು. ಹೊರಗೆ ಅಪ್ಪ ಕಾಯುತ್ತಿದ್ದಾರೆ, ಪಾಳಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಹೋದಳು.